ಮೀನು ಇಲ್ಲದ ಪುಟ: ಒಂದು ಮಕ್ಕಳ ಚಿತ್ರಪುಸ್ತಕದ ಪ್ರಕರಣ

ಮೈಸೂರಿನಲ್ಲಿ ತಯಾರಾದ ಒಂದು ಪುಟ್ಟ ಪುಸ್ತಕದ ಕತೆ ಇದು. 24 ಪುಟ, ಹತ್ತು ಪ್ರಾಣಿ ಪದ್ಯ, ಪ್ರತಿ ಪದ್ಯಕ್ಕೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಚಿತ್ರ. ನಾನು ಇದರಲ್ಲಿ ಪುಟ ಜೋಡಿಸುವ ಕೆಲಸ ಮಾಡಿದೆ. ಪುಸ್ತಕದ ಹೆಸರು, ಜನರ ಹೆಸರು, ಬಡಾವಣೆ, ಶಾಲೆ, ಪ್ರೆಸ್ಸು ಯಾವುದನ್ನೂ ಹೇಳುವುದಿಲ್ಲ. ಪದ್ಯ ಬರೆದವರು ನಿವೃತ್ತ ಶಿಕ್ಷಕರು, ಅವರನ್ನು ಮೇಷ್ಟ್ರು ಅನ್ನುತ್ತೇನೆ. ಕಾಗದ ಕತ್ತರಿಸಿದವರನ್ನು ಅಕ್ಕ ಅನ್ನುತ್ತೇನೆ. ಇಬ್ಬರೂ ಇದನ್ನು ಓದಿ, ಒಂದೆರಡು ಕಡೆ ಮುಖ ಗಂಟು ಹಾಕಿಕೊಂಡು, ಕೊನೆಗೆ ಸರಿ ಅಂದಿದ್ದಾರೆ.

ಹಿನ್ನೆಲೆ

ನಮ್ಮದು ಭಾನುವಾರ ಬೆಳಗ್ಗೆ ಮಕ್ಕಳಿಗೆ ಕತೆ ಓದಿ ಹೇಳುವ ಸಣ್ಣ ಬಳಗ. ಐದರಿಂದ ಎಂಟು ವರ್ಷದ ಮಕ್ಕಳು ಬರುತ್ತಾರೆ. ನಮ್ಮ ಹತ್ತಿರ ಇದ್ದ ಚಿತ್ರಪುಸ್ತಕಗಳಲ್ಲಿ ಜಾಸ್ತಿ ಅನುವಾದದ್ದು. ಹಿಮಕರಡಿ, ಪೆಂಗ್ವಿನ್, ನರಿ ಇದ್ದವು. ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದು ಮಲಗುವ ಮೊಸಳೆ ಇರಲಿಲ್ಲ, ಕಾವೇರಿಯ ನೀರುನಾಯಿ ಇರಲಿಲ್ಲ, ಬನ್ನೂರು ಕುರಿ ಇರಲಿಲ್ಲ. ನಾವೇ ಒಂದು ಮಾಡೋಣ ಅನ್ನುವ ಮಾತು ಬಂದದ್ದು ಹಾಗೆ.

ಮೇಷ್ಟ್ರ ಹತ್ತಿರ ಒಂದು ನೋಟ್‌ಬುಕ್ ಇತ್ತು. ತರಗತಿಯಲ್ಲಿ ಹೇಳಿಕೊಡಲು ವರ್ಷಗಟ್ಟಲೆ ಬರೆದುಕೊಂಡ ಪದ್ಯಗಳು. ಅಕ್ಕ ಪ್ರತಿ ದಸರೆಗೆ ತಮ್ಮ ಮನೆಯ ಗೊಂಬೆ ಹಬ್ಬದ ಹಿಂದಿನ ಪರದೆಯನ್ನು ಕಾಗದ ಕತ್ತರಿಸಿ ಮಾಡುತ್ತಿದ್ದರು. ಅವರ ತಂದೆ ಬೀಟೆ ಮರದ ಇನ್ಲೇ ಕೆಲಸದವರು, ಅಂದರೆ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವವರು. ಮನೆಯಲ್ಲಿ ಹುಟ್ಟಿದಾಗಿನಿಂದ ಕತ್ತರಿಸಿ ಕೂರಿಸುವ ಕೆಲಸ ನೋಡಿದವರು ಅಕ್ಕ.

ಮೊದಲ ಯಡವಟ್ಟು ನನ್ನದು. ಹನ್ನೆರಡು ಪ್ರಾಣಿ, ಎಡಕ್ಕೆ ಪದ್ಯ, ಬಲಕ್ಕೆ ಚಿತ್ರ, ಒಟ್ಟು 24 ಪುಟ ಅಂತ ಲೆಕ್ಕ ಹಾಕಿ ಎಲ್ಲರಿಗೂ ಹೇಳಿಬಿಟ್ಟೆ. ಶೀರ್ಷಿಕೆ ಪುಟಕ್ಕೆ ಜಾಗವೇ ಇಲ್ಲ ಅನ್ನುವುದು ಹೊಳೆದದ್ದು ಪ್ರೆಸ್ಸಿನವರು ಕೇಳಿದಾಗ. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಗುಣಕದಲ್ಲಿ ಇರಬೇಕು. ನಮ್ಮ ಅಳತೆಯಲ್ಲಿ ಎಂಟೆಂಟು ಪುಟ ಒಟ್ಟಿಗೆ ಅಚ್ಚಾಗುವುದರಿಂದ 24 ಬಿಟ್ಟರೆ 32ಕ್ಕೆ ಹೋಗಿ, 28 ಅಂದರೆ ಕಾಗದ ದಂಡ ಅಂದರು. 32ಕ್ಕೆ ದುಡ್ಡಿರಲಿಲ್ಲ. ಎರಡು ಪ್ರಾಣಿ ಬಿಡಬೇಕಾಯಿತು. ಒಂಟೆ ಸುಲಭವಾಗಿ ಹೋಯಿತು. ಸಿಂಹ ಹೋಗಲಿಲ್ಲ. 'ಸಿಂಹ ನಮ್ಮ ಊರಿನದಲ್ಲ ಅಂತೀರಲ್ಲ, 1892ರಿಂದ ಇಲ್ಲಿ ಮೃಗಾಲಯ ಇದೆ, ನಮ್ಮ ತಾತ ಇಲ್ಲೇ ಸಿಂಹ ನೋಡಿದ್ದು' ಅಂತ ಮೇಷ್ಟ್ರು ವಾದ ಹೂಡಿದರು. ವಾದ ಚೆನ್ನಾಗಿಯೇ ಇತ್ತು. ಆದರೂ ಸಿಂಹ ಹೋಯಿತು.

ಎಲ್ಲಿ ಎಡವಿದೆವು

ಅಕ್ಕ ಪದ್ಯ ಓದಿ, ಅದರಲ್ಲಿ ಏನೇನು ಹೇಳಿದೆಯೋ ಎಲ್ಲವನ್ನೂ ಬಿಡದೆ ಕತ್ತರಿಸಿದರು. ಹತ್ತೂ ಚಿತ್ರ ಮುಗಿದವು. ನಾನು ಸ್ಕ್ಯಾನ್ ಮಾಡಿ, ಕಲರ್ ಪ್ರಿಂಟ್ ತೆಗೆದು, ಹೊಲಿದು ಒಂದು ಮಾದರಿ ಪ್ರತಿ ಮಾಡಿದೆ. ಭಾನುವಾರ ಹನ್ನೊಂದು ಮಕ್ಕಳ ಎದುರು ಓದಿದೆ.

ಮಕ್ಕಳು ಬೇಜಾರಾಯಿತು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಪುಟ ತಿರುಗಿಸುತ್ತಾರೆ. ಎಂಟು ಸಾಲಿನ ಪದ್ಯದಲ್ಲಿ ನಾನು ಮೂರನೇ ಸಾಲಿಗೆ ಬರುವಷ್ಟರಲ್ಲಿ ಮುಂದೆ ಕೂತವರ ಕೈ ಪುಟದ ಮೂಲೆಗೆ ಬರುತ್ತಿತ್ತು. ನಾನು ಓದುವುದು ನಿಧಾನವಾಯಿತೇನೋ ಅಂತ ಮುಂದಿನ ಪದ್ಯವನ್ನು ಬಸ್ ಕಂಡಕ್ಟರ್ ಊರ ಹೆಸರು ಕೂಗಿದ ಹಾಗೆ ಓದಿದೆ. ಆಗಲೂ ಮೂರನೇ ಸಾಲಿಗೇ ಕೈ ಬಂತು.

ಹೆಜ್ಜಾರ್ಲೆಯ ಪುಟವನ್ನೇ ತೆಗೆದುಕೊಳ್ಳೋಣ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವ, ಕೊಕ್ಕಿನ ಕೆಳಗೆ ಜೋಲು ಚೀಲ ಇರುವ ದೊಡ್ಡ ಹಕ್ಕಿ. ಪದ್ಯ ಶುರುವಾಗುವುದು ಹೀಗಿತ್ತು:

ಉದ್ದನೆ ಕೊಕ್ಕಿನ ದೊಡ್ಡನೆ ಹಕ್ಕಿ
ಬೂದಿಯ ಬಣ್ಣದ ಚೆಂದದ ಹಕ್ಕಿ
ಕೊಕ್ಕಿನ ಅಡಿಯಲಿ ಚೀಲವು ಉಂಟು
ಚೀಲದ ತುಂಬಾ ಮೀನಿನ ಗಂಟು

ನಾಲ್ಕು ನಾಲ್ಕು ಮಾತ್ರೆಯ ನಡೆ ಎಲ್ಲೂ ಎಡವುವುದಿಲ್ಲ. ತರಗತಿಯಲ್ಲಿ ಚಪ್ಪಾಳೆ ತಟ್ಟಿಸಿ ಹೇಳಿಕೊಟ್ಟರೆ ಚೆಂದ. ಆದರೆ ಅಲ್ಲಿ ಎದುರಿಗೆ ಚಿತ್ರ ಇರುವುದಿಲ್ಲ. ಪುಸ್ತಕದಲ್ಲಿ ಕೊಕ್ಕು ಉದ್ದ ಇರುವುದು ಕಾಣುತ್ತದೆ, ಬೂದಿ ಬಣ್ಣ ಕಾಣುತ್ತದೆ, ಚೀಲದಿಂದ ಇಣುಕುವ ಮೀನೂ ಕಾಣುತ್ತದೆ. ಕಂಡದ್ದನ್ನೇ ಎಂಟು ಸಾಲು ಕೇಳುತ್ತಾ ಮಗು ಯಾಕೆ ಕೂರಬೇಕು?

ಇದು ನನಗೆ ಅವತ್ತೇ ಗೊತ್ತಾಯಿತು ಅಂದರೆ ಸುಳ್ಳು. ಅವತ್ತು ನಾನು ತಪ್ಪು ಹೊರಿಸಿದ್ದು ಬಣ್ಣದ ಮೇಲೆ. ಯಾಕೆಂದರೆ ಒಬ್ಬಳು ತಾಯಿ, 'ಇದನ್ನ ಕಂಪ್ಯೂಟರಲ್ಲಿ ಮಾಡಿದ್ದಾ?' ಅಂತ ಕೇಳಿದ್ದರು. ಅಕ್ಕನ ಮುಖ ನೋಡಬೇಕಿತ್ತು.

ಮಾಡಿ ನೋಡಿದ್ದು

ಮೊದಲು ಹಿನ್ನೆಲೆಯ ಬಣ್ಣ ಗಾಢ ಮಾಡಿದೆವು. ಪ್ರಾಣಿಗಳು ಮಂಕಾದವು. ಸ್ಕ್ಯಾನ್ ಇನ್ನೂ ಸೂಕ್ಷ್ಮವಾಗಿ ಮಾಡಿಸಿದೆವು. ಕಡತದ ತೂಕ ಏರಿತೇ ಹೊರತು ಚಿತ್ರಕ್ಕೆ ಜೀವ ಬರಲಿಲ್ಲ. ಅಕ್ಕನಿಗೆ ನಾಗಮಂಗಲ ಕಡೆಯ ತೊಗಲು ಗೊಂಬೆಗಳ ನೆನಪಾಗಿ, ಮೊಸಳೆಯ ಮೈತುಂಬಾ ಸಣ್ಣ ಸಣ್ಣ ತೂತು ಕೊರೆದರು. ಎರಡು ದಿನದ ಕೆಲಸ. ಕಿಟಕಿಗೆ ಹಿಡಿದರೆ ಮೊಸಳೆ ಮಿನುಗುತ್ತಿತ್ತು. ಅಚ್ಚಿನಲ್ಲಿ ಬರೀ ಬಿಳಿ ಚುಕ್ಕಿ, ಮೊಸಳೆಗೆ ಅಮ್ಮ ಎದ್ದ ಹಾಗೆ. ತೊಗಲು ಗೊಂಬೆಯ ತೂತಿಗೆ ಹಿಂದಿನಿಂದ ದೀಪ ಬೇಕು. ಪುಸ್ತಕದ ಹಿಂದೆ ದೀಪ ಇರುವುದಿಲ್ಲ.

ಈ ಹೊತ್ತಿಗೆ ಮಳೆಗಾಲ ಬಂತು. ಬಿಳಿ ಅಂಟಿನಲ್ಲಿ ನೀರಿರುತ್ತದೆ. ಕಾಗದದ ನಾರು ನೀರು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಒಣಗುವಾಗ ಎಳೆಯುತ್ತದೆ. ತೆಳು ಕಾಗದದ ಮೇಲೆ ದಪ್ಪ ಕಾಗದ ಅಂಟಿಸಿದ ಕಡೆಯೆಲ್ಲಾ ಹಪ್ಪಳ ಎದ್ದಿತು. ಮೈದಾ ಅಂಟು ಮಾಡಿ ನೋಡಿದರು. ಅದು ಚೆನ್ನಾಗಿ ಕೂತಿತು, ಆದರೆ ಬೀರುವಿನಲ್ಲಿ ಜಿರಲೆಗಳು ಆನೆಯ ಒಂದು ಕಿವಿಯನ್ನು ತಿಂದು ಮುಗಿಸಿದವು. ಕೊನೆಗೆ ಉಳಿದದ್ದು ಎರಡು ಬದಿ ಅಂಟಿರುವ ಟೇಪು. ಅದರಲ್ಲೂ ಒಂದು ಸ್ಪಂಜಿನಂತೆ ದಪ್ಪ ಇರುವುದು ಸಿಗುತ್ತದೆ, ಎರಡು ಮಿಲಿಮೀಟರಿನಷ್ಟು. ಅದನ್ನು ಹಾಕಿದಾಗ ಕಿವಿ ಮೈಯಿಂದ ಮೇಲೆದ್ದು ನಿಂತಿತು, ಕೆಳಗೆ ನೆರಳು ಬಿತ್ತು.

ಆ ನೆರಳು ನೋಡಿದ ಮೇಲೆ ಸ್ಕ್ಯಾನರನ್ನು ಬಿಟ್ಟೆವು. ಸ್ಕ್ಯಾನರಿನ ಬೆಳಕು ಕಾಗದದ ಮೇಲೇ ಹರಿದು ಹೋಗುತ್ತದೆ, ಗಾಜು ಅದನ್ನು ಒತ್ತಿ ಹಿಡಿದಿರುತ್ತದೆ, ನೆರಳು ಹೆಚ್ಚುಕಮ್ಮಿ ಅಳಿಸಿಯೇ ಹೋಗುತ್ತದೆ. ಹಾಗಾಗಿ ಕತ್ತರಿಸಿದ ಕಾಗದಕ್ಕೂ ಕಂಪ್ಯೂಟರಿನಲ್ಲಿ ತುಂಬಿದ ಬಣ್ಣಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆ ತಾಯಿ ಕೇಳಿದ್ದು ಸರಿಯಾಗಿಯೇ ಇತ್ತು. ಫೋಟೊ ತೆಗೆಯಲು ಶುರು ಮಾಡಿದೆವು. ಎರಡು ಕಡೆ ಟ್ಯೂಬ್‌ಲೈಟ್ ಇಟ್ಟಾಗ ಒಂದರ ನೆರಳನ್ನು ಇನ್ನೊಂದು ನುಂಗಿತು. ಕೊನೆಗೆ ಗಿಟ್ಟಿದ್ದು ಇಷ್ಟು: ಎಡಗಡೆ ಮೇಲಿನಿಂದ ಓರೆಯಾಗಿ ಒಂದೇ ದೀಪ, ಬಲಗಡೆ ಬಿಳಿ ಥರ್ಮಕೋಲ್ ಹಾಳೆ, ಕ್ಯಾಮೆರಾ ಕಾಗದಕ್ಕೆ ನೇರವಾಗಿ ಮೇಲೆ. ಹತ್ತೂ ಚಿತ್ರಕ್ಕೆ ದೀಪ ಅದೇ ಜಾಗದಲ್ಲಿ. ಇಲ್ಲದಿದ್ದರೆ ಪುಟ ತಿರುಗಿಸಿದಂತೆ ಸೂರ್ಯ ಕುಣಿದಾಡಿದ ಹಾಗೆ ಕಾಣುತ್ತದೆ.

ಬಣ್ಣದ ಗೋಳು ಬಗೆಹರಿದದ್ದು ಅಕ್ಕನ ತಂದೆಯಿಂದ. ಅವರಿಗೆ ಮಾದರಿ ತೋರಿಸಿದ್ದು ಸುಮ್ನೆ, ಕಾಫಿ ಕುಡಿಯುವಾಗ. ಎರಡು ಪುಟ ನೋಡಿ, 'ಬಣ್ಣ ಜಾಸ್ತಿ ಆಯ್ತಲ್ಲ ಮಗಾ. ನಾವು ಮರಕ್ಕೆ ಬಣ್ಣ ಹಚ್ಚಲ್ಲ, ಹುಡುಕ್ತೀವಿ' ಅಂದರು. ಇನ್ಲೇ ಕೆಲಸದಲ್ಲಿ ಆನೆಯ ಬೂದಿ ಒಂದು ಮರದ್ದು, ಆಕಾಶದ ತಿಳಿ ಹಳದಿ ಇನ್ನೊಂದು ಮರದ್ದು. ಮರದ ಎಳೆ ಯಾವ ಕಡೆ ಓಡುತ್ತದೆ ನೋಡಿ ಅದನ್ನೇ ನದಿ ಮಾಡುತ್ತಾರೆ. ಅಕ್ಕ ಅಂಗಡಿಯ ಮಿಂಚು ಕಾಗದದ ಕಟ್ಟನ್ನು ಬದಿಗಿಟ್ಟು ಮನೆ ತಡಕಾಡಿದರು. ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಕಾಗದ ಆನೆಯಾಯಿತು. ಹಳೆಯ ಲಗ್ನಪತ್ರಿಕೆಗಳ ಚಿನ್ನದ ಅಂಚು ಅಳಿಲಿನ ಬೆನ್ನಿನ ಮೂರು ಗೆರೆಯಾಯಿತು. ರಾಮ ಬೆನ್ನು ಸವರಿದ ಕತೆ ಎಲ್ಲ ಮಕ್ಕಳಿಗೂ ಗೊತ್ತು, ಹೊಳೆಯುವ ಗೆರೆ ನೋಡಿದ ಕೂಡಲೇ ಅವರೇ ಹೇಳುತ್ತಾರೆ. ಗಾಳಿಪಟದ ತೆಳು ಕಾಗದ ಹೆಜ್ಜಾರ್ಲೆಯ ಚೀಲವಾಯಿತು, ಕೊಕ್ಕಿನ ಮೇಲಿನ ಚುಕ್ಕಿಗಳು ಪಂಚಿಂಗ್ ಯಂತ್ರದ ಹೊಟ್ಟೆಯಿಂದ ಬಂದವು.

ಮೇಷ್ಟ್ರು ಮುನಿಸಿಕೊಂಡದ್ದು

ಚಿತ್ರ ಸುಧಾರಿಸಿತು. ಪುಟದ ಮೂಲೆಗೆ ಬರುವ ಕೈ ನಿಲ್ಲಲಿಲ್ಲ. ಈಗ ಇನ್ನೂ ಬೇಗ ಬಂತು, ಯಾಕೆಂದರೆ ಮುಂದಿನ ಚಿತ್ರ ನೋಡುವ ಆಸೆ. ಆಗ ಮಾತ್ರ ಪದ್ಯದ ಕಡೆ ತಿರುಗಿದೆವು, ಅದೂ ಅಂಜುತ್ತಾ.

ನಮ್ಮ ಬಳಗದಲ್ಲಿ ಹಕ್ಕಿ ನೋಡುವ ಒಬ್ಬ ಗೆಳೆಯ ಇದ್ದಾನೆ. ಅವನು ಹೆಜ್ಜಾರ್ಲೆ ಪುಟ ನೋಡಿ, 'ಸಾರ್, ಇದು ಚೀಲದಲ್ಲಿ ಮೀನು ತುಂಬ್ಕೊಂಡು ಬರಲ್ಲ' ಅಂದ. ಚೀಲ ಇರುವುದು ಮೀನು ಗೋರಲು. ಗೋರಿದ ಮೇಲೆ ನೀರು ಚೆಲ್ಲಿ ಮೀನನ್ನು ನುಂಗುತ್ತದೆ. ಗೂಡಿಗೆ ಬಂದು ಕಕ್ಕಿ ಕೊಡುತ್ತದೆ, ಮರಿ ಅಮ್ಮನ ಚೀಲದೊಳಗೆ ತಲೆ ತೂರಿಸಿ ತಿನ್ನುತ್ತದೆ. ಮೇಷ್ಟ್ರಿಗೆ ಸಿಟ್ಟು ಬಂತು. 'ಮಕ್ಕಳ ಪದ್ಯಕ್ಕೆ ಇಷ್ಟೊಂದು ಶಾಸ್ತ್ರ ಬೇಕೇನಪ್ಪಾ?' ಅಂದರು. ಅಕ್ಕ ಏನೂ ಮಾತಾಡಲಿಲ್ಲ. ಮನೆಗೆ ಹೋಗಿ ಹೊಸ ಚಿತ್ರ ಕತ್ತರಿಸಿದರು: ಹುಣಸೆ ಮರದ ಗೂಡು, ಎರಡು ಮರಿ, ಒಂದರ ತಲೆ ಪೂರ್ತಿ ಅಮ್ಮನ ಚೀಲದೊಳಗೆ, ಹಿಂಬದಿ ಮಾತ್ರ ಹೊರಗೆ. ಮೀನು ಎಲ್ಲೂ ಇಲ್ಲ. ಅದನ್ನು ಲಕೋಟೆಯಲ್ಲಿ ಹಾಕಿ ಮೇಷ್ಟ್ರ ಮನೆಗೆ ಕಳಿಸಿ, 'ಮೇಷ್ಟ್ರೇ, ಈ ಸಲ ನೀವು ಇದನ್ನ ನೋಡ್ಕೊಂಡು ಬರೀರಿ' ಅಂತ ಫೋನ್ ಮಾಡಿದರು.

ಇದೇ ಈ ಪ್ರಕರಣದ ದೊಡ್ಡ ತಿರುವು, ಹಾಗೆಯೇ ಮುರಿದುಬೀಳಬಹುದಾಗಿದ್ದ ಜಾಗ. ಪದ್ಯ ಮೊದಲು, ಚಿತ್ರ ಆಮೇಲೆ ಅನ್ನುವ ಕ್ರಮವನ್ನು ನಾವ್ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ನೋಟ್‌ಬುಕ್ ಮೊದಲೇ ಇತ್ತು, ಅಷ್ಟೇ. ಮೇಷ್ಟ್ರು ಎರಡು ವಾರ ಮಾತು ಬಿಟ್ಟರು. 'ನಾನೇನು ಚಿತ್ರಕ್ಕೆ ಹೆಸರು ಬರೆಯೋನಾ?' ಅಂತ ಬೇರೆಯವರ ಹತ್ತಿರ ಅಂದರಂತೆ. ನಾನು ಸಮಾಧಾನ ಮಾಡಲು ಹೋಗಬೇಕಿತ್ತು, ಹೋಗಲಿಲ್ಲ. ನನಗೂ ಭಯ. ಮೂರನೇ ಭಾನುವಾರ ಅವರೇ ಬಂದರು, ಜೇಬಿನಲ್ಲಿ ನಾಲ್ಕು ಸಾಲು:

ಅಮ್ಮಾ ಅಮ್ಮಾ ಚೀಲದಲೇನು?
ಯಾತಕೆ ಸುಮ್ಮನೆ ಕೂತಿಹೆ ನೀನು?
ಅಮ್ಮನ ಗಂಟಲ ಒಳಗಡೆ ಮೀನು
ಕಕ್ಕುವವರೆಗೂ ಕಾಯೋ ನೀನು!

ನಾಲ್ಕು ಸಾಲನ್ನು ಎರಡು ಪುಟಕ್ಕೆ ಹಂಚಿ ಬರೆದು ಮಕ್ಕಳಿಗೆ ಓದಿದೆ. ಎರಡು ಸಾಲು ಓದಿ, ಪುಟ ತಿರುಗಿಸಲು ಬೆರಳು ಒದ್ದೆ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೂರ್ನಾಲ್ಕು ಮಕ್ಕಳು ಒಟ್ಟಿಗೆ ಕೂಗಿದರು: 'ಮೀನು!'

ಏನು, ನೀನು ಆದ ಮೇಲೆ ಕಿವಿಗೆ ಮೀನೇ ಬರಬೇಕು. ಚಿತ್ರದಲ್ಲಿ ಮೀನಿಲ್ಲ, ಪದ್ಯದಲ್ಲೂ ಇನ್ನೂ ಬಂದಿಲ್ಲ. ಮಕ್ಕಳೇ ತಂದರು. ಆ ಪುಟದಲ್ಲಿ ಒಂದು ಕೈಯೂ ಮೂಲೆಗೆ ಬರಲಿಲ್ಲ. ಇನ್ನೊಂದ್ಸಲ ಅಂದರು. ಐದು ಸಲ ಓದಿಸಿದರು. ಮೇಷ್ಟ್ರು ಎದ್ದು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಕೊನೆಯ ಎರಡು ಸಾಲನ್ನು ತಾವೇ ಗೆರೆ ಎಳೆದು ಹೊಡೆದುಹಾಕಿದರು. ಆ 'ಕಕ್ಕುವವರೆಗೂ' ಸಾಲು ನನಗೆ ಈಗಲೂ ಇಷ್ಟ. ಹೋದದ್ದು ಹೋಯಿತು.

ಇದರ ಬೆನ್ನಲ್ಲೇ ನಾವು ಸ್ವಲ್ಪ ಅತಿ ಮಾಡಿದೆವು. ಹತ್ತೂ ಪದ್ಯದಲ್ಲಿ ಕೊನೆಯ ಪ್ರಾಸ ಬಿಟ್ಟು ನೋಡಿದೆವು. ಕಪ್ಪೆಯ ಪುಟದಲ್ಲಿ 'ಮಳೆ' ಬರಬೇಕಿತ್ತು. ಮಕ್ಕಳು ಕೊಳೆ ಅಂದರು, ಬಳೆ ಅಂದರು, ಒಬ್ಬ ಮೊಳೆ ಅಂದ. ಚಿತ್ರದಲ್ಲಿ ಮೋಡವೇ ಇರಲಿಲ್ಲ, ಪ್ರಾಸ ಒಂದನ್ನೇ ಹಿಡಿದು ಅವರು ಎಲ್ಲಿಗೆ ಹೋಗಬೇಕು? ಹೆಜ್ಜಾರ್ಲೆಯಲ್ಲಿ ಚೀಲ, ಒಳಗೆ ಹೋದ ತಲೆ, ಅಮ್ಮನ ಮೌನ, ಇಷ್ಟೂ ಮೀನಿನ ಕಡೆಗೇ ಕೈ ತೋರಿಸುತ್ತಿದ್ದವು. ಪ್ರಾಸ ಬಾಗಿಲು ತೆರೆಯಿತು, ದಾರಿ ತೋರಿಸಿದ್ದು ಚಿತ್ರ. ನಾಲ್ಕು ಪುಟದಲ್ಲಿ ಮಾತ್ರ ಈ ಬಿಟ್ಟ ಪದ ಉಳಿಸಿಕೊಂಡೆವು. ಉಳಿದ ಆರರಲ್ಲಿ ಚಿತ್ರದಲ್ಲಿ ಕಾಣುವ ಬಣ್ಣ, ಆಕಾರದ ಸಾಲು ತೆಗೆದು, ಕಾಣದ್ದನ್ನು ಇಟ್ಟೆವು: ಸದ್ದು, ವಾಸನೆ, ಪ್ರಾಣಿಯ ಮನಸ್ಸಿನ ಮಾತು.

ಒತ್ತಕ್ಷರ

ಕೊಕ್ಕರೆ ಬೆಳ್ಳೂರಿನ ಕಡೆಯ ಒಂದು ಸರ್ಕಾರಿ ಶಾಲೆಗೆ ಮಾದರಿ ಒಯ್ದೆವು. ಅಲ್ಲಿಯ ಶಿಕ್ಷಕಿ ಮೊದಲು ನೋಡಿದ್ದು ಚಿತ್ರವನ್ನಲ್ಲ, ಅಕ್ಷರವನ್ನು. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಅ ಆ ಇ ಈ ಕ್ರಮದಲ್ಲಿ ಕಲಿಯುವುದಿಲ್ಲ. ರ ಗ ಸ ದ ಅ ಇಂದ ಹತ್ತುತ್ತಾರೆ, ಒತ್ತಕ್ಷರ ಬರುವುದು ತಡ. 'ನೀವು ನೋಡಿದ್ರೆ ಹೆಜ್ಜಾರ್ಲೆ ಇಟ್ಟಿದ್ದೀರ. ಜ್ಜ ಇದೆ, ಮೇಲೆ ಅರ್ಕಾವೊತ್ತು ಬೇರೆ' ಅಂತ ನಕ್ಕರು.

ಹಕ್ಕಿ ಬದಲಿಸೋಣವಾ ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಒಂದನೇ ತರಗತಿಯ ಹುಡುಗ ಪುಟ ನೋಡಿ, ಅಕ್ಷರದ ಮೇಲೆ ಬೆರಳಿಟ್ಟು, 'ಹೆಜ್ಜಾರ್ಲೆ' ಅಂದ. ಓದಿದ್ದಲ್ಲ. ಹಕ್ಕಿ ಗೊತ್ತು, ಹಾಗಾಗಿ ಅಲ್ಲಿ ಬರೆದಿರುವುದೂ ಅದೇ ಇರಬೇಕು. ಆ ಊರಿನಲ್ಲಿ ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ, ಹಿಕ್ಕೆಯನ್ನು ಗೊಬ್ಬರಕ್ಕೆ ಬಳಸಿದವರು. ಆ ಮಕ್ಕಳಿಗೆ ಹೆಸರು ಬಾಯಲ್ಲಿ ಮೊದಲೇ ಇದೆ. ಮೈಸೂರಿನ ನಮ್ಮ ಭಾನುವಾರದ ಮಕ್ಕಳು ಅದೇ ಪದವನ್ನು ಒಡೆದು ಒಡೆದು ಓದಿದ್ದರು. ಪದ ಉಳಿಯಿತು. ಬೇರೆ ಕಡೆ ಬೇಡದ ಒತ್ತಕ್ಷರ ಕಮ್ಮಿ ಮಾಡಿದೆವು, ಸಾಲುಗಳ ನಡುವಿನ ಅಂತರ ಹೆಚ್ಚಿಸಿದೆವು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯಬಾರದಲ್ವಾ.

ಅದೇ ಶಾಲೆಯಲ್ಲಿ ಇನ್ನೊಂದು ನೋಡಿದೆವು. ಮಕ್ಕಳು ಆನೆಯ ಕಿವಿಯ ಅಂಚನ್ನು ಉಗುರಿನಿಂದ ಕೆರೆದು ಎಬ್ಬಿಸಲು ನೋಡುತ್ತಿದ್ದರು. ಅಚ್ಚಾದ ನೆರಳನ್ನು ನಿಜವಾದ ನೆರಳು ಅಂದುಕೊಂಡಿದ್ದರು. ಅಕ್ಕ ಅವತ್ತು ವಾಪಸ್ ಬರುವ ಬಸ್ಸಿನಲ್ಲಿ ಹಾಡು ಹೇಳಿಕೊಂಡು ಕೂತಿದ್ದರು.

ಅಚ್ಚು, ಆಮೇಲೆ

500 ಪ್ರತಿ ಹಾಕಿಸಿದೆವು. ಒಂಬತ್ತು ಪ್ರಾಣಿ ಸರಿಯಾಗಿ ಬಂದವು. ಗೂಬೆ ಕೆಟ್ಟಿತು. ಅದು ರಾತ್ರಿಯ ಪುಟ, ಕಡು ನೀಲಿಯ ಮೇಲೆ ಬಿಳಿ ಅಕ್ಷರ. ಆ ನೀಲಿ ಒಂದೇ ಶಾಯಿಯದ್ದಲ್ಲ, ಹಲವು ಶಾಯಿ ಒಂದರ ಮೇಲೊಂದು ಕೂತು ಆದದ್ದು. ಒಂದೊಂದು ಶಾಯಿಗೂ ಒಂದೊಂದು ಅಚ್ಚಿನ ತಟ್ಟೆ, ಅದರಲ್ಲಿ ಒಂದು ಕೂದಲೆಳೆಯಷ್ಟು ಜರುಗಿದರೂ ಸಣ್ಣ ಬಿಳಿ ಅಕ್ಷರದೊಳಕ್ಕೆ ಶಾಯಿ ನುಗ್ಗುತ್ತದೆ. ಕನ್ನಡದ ತಲಕಟ್ಟು, ಒತ್ತುಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಪ್ರೆಸ್ಸಿನವರು ಮೊದಲೇ ಒಂದು ಮಾತು ಹೇಳಿದ್ದರು, 'ಕಪ್ಪಕ್ಷರ ಮಾಡ್ಬಿಡಿ ಸಾರ್' ಅಂತ. ಬಿಳಿಯೇ ಚೆಂದ ಅಂತ ಹಟ ಹಿಡಿದದ್ದು ನಾನು. ಪರದೆಯ ಮೇಲೆ ನೋಡಿ ಒಪ್ಪಿದೆ, ಕಾಗದದ ಮೇಲೆ ತೆಗೆಸಿ ನೋಡಲಿಲ್ಲ. ಗೂಬೆ ಪದ್ಯದ ಎರಡನೇ ಸಾಲನ್ನು ಈಗ ಓದಬೇಕಾದರೆ ಮೊದಲೇ ಬಾಯಿಪಾಠ ಇರಬೇಕು. ಪದ್ಯವನ್ನು ಚಂದ್ರನ ಬಿಳಿ ವೃತ್ತದೊಳಗೆ ಕಪ್ಪಿನಲ್ಲಿ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಚಂದ್ರ ಅದೇ ಪುಟದಲ್ಲಿ ಖಾಲಿ ಕೂತಿದ್ದಾನೆ.

ನೂರು ಪ್ರತಿ ಶಾಲೆಗಳಿಗೆ ಕೊಟ್ಟೆವು. ಉಳಿದದ್ದು ನಿಧಾನವಾಗಿ ಮಾರಾಟವಾಯಿತು, ಅಚ್ಚಿನ ಖರ್ಚು ಹೆಚ್ಚುಕಮ್ಮಿ ಬಂತು. ಅಕ್ಕನ ಕೂಲಿ, ಮೇಷ್ಟ್ರ ಗೌರವಧನ ಲೆಕ್ಕಕ್ಕೆ ಹಿಡಿದರೆ ನಷ್ಟವೇ. ಇದನ್ನು ಹೇಳದೆ ಬಿಟ್ಟರೆ ಇಂಥ ಪುಸ್ತಕ ಮಾಡಹೊರಟವರಿಗೆ ಮೋಸ ಮಾಡಿದಂತೆ.

ಮತ್ತೆ ಶುರುವಿನಿಂದ ಮಾಡುವುದಾದರೆ ನಾನು ಮೊದಲ ವಾರವೇ ಒಂದು ಪ್ರಾಣಿಯನ್ನು ಎರಡು ಸಲ ಮಾಡಿಸುತ್ತೇನೆ, ಒಮ್ಮೆ ಪದ್ಯ ಮೊದಲು, ಒಮ್ಮೆ ಕಾಗದ ಮೊದಲು. ಹತ್ತು ಚಿತ್ರ ಮುಗಿದ ಮೇಲೆ ಕ್ರಮ ಬದಲಿಸಿದ್ದರಿಂದ ಅಕ್ಕ ಆರು ಚಿತ್ರವನ್ನು ಎರಡೆರಡು ಸಲ ಕತ್ತರಿಸಿದರು, ಮೇಷ್ಟ್ರ ಮನಸ್ಸೂ ನೊಂದಿತು. ಆ ನೋವು ಹೇಗೋ ಆಗುತ್ತಿತ್ತೇನೋ, ಆದರೆ ಒಂದು ಪುಟಕ್ಕೆ ಆಗುವುದು ಬೇರೆ, ಇಡೀ ನೋಟ್‌ಬುಕ್ಕಿಗೆ ಆಗುವುದು ಬೇರೆ. ಮಾದರಿ ಓದುವಾಗ ಮಕ್ಕಳ ಮುಖಕ್ಕಿಂತ ಕೈ ನೋಡಿ ಅಂತಲೂ ಹೇಳುತ್ತೇನೆ. ಮುಖಗಳು ಮರ್ಯಾದೆಗೆ ನಗುತ್ತವೆ.

ಎರಡನೇ ಪುಸ್ತಕದ ಕೆಲಸ ನಡೆದಿದೆ. ಮಳೆಗಾಲ ಮುಗಿಯುವ ತನಕ ಅಕ್ಕ ಕತ್ತರಿ ಮುಟ್ಟಲ್ಲ ಅಂದಿದ್ದರು, ಮುಗಿದಿದೆ. ಕಳೆದ ವಾರ ಮೇಷ್ಟ್ರ ಮನೆಗೆ ಮೊದಲ ಲಕೋಟೆ ಹೋಯಿತು. ಸಂಜೆ ಅವರು ನನಗೆ ಫೋನ್ ಮಾಡಿ, 'ಏನಪ್ಪಾ ಇದು, ಹಾವಾ ಹಗ್ಗವಾ?' ಅಂತ ಕೇಳಿದರು. ಅಕ್ಕನನ್ನು ಕೇಳಿದೆ. ಅವರು ಹೇಳಲಿಲ್ಲ.